ನೈಲಾಳ ಹೆಸರನ್ನು ಯಾರೂ ಕೂಗಲಿಲ್ಲ

ನೆತ್ತಿಗುಡ್ಡೆ ದ್ವೀಪ,
ಇಸವಿ ೨೩೧೯, ನಡುಮಾಘದ ಮೂವತ್ತನಾಲ್ಕನೆಯ ದಿನ

ಹಿಂದಿನ ಕಾಲದವರೇ,

ತಾರೀಖು ನೋಡಿ ನಗಬೇಡಿ. ಕಡಲು ಏರಿದ ಮೇಲೆ ನಮ್ಮ ತಿಂಗಳುಗಳೂ ಹಿಗ್ಗಿವೆ. ಏಕೆಂದು ಹೇಳುತ್ತ ಕೂತರೆ ಕಾಗದ ಮುಗಿದುಹೋಗುತ್ತದೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಕ್ಷಮಿಸದಿದ್ದರೂ ಅಡ್ಡಿಯಿಲ್ಲ, ನನಗೂ ನಿಮ್ಮ ಮೇಲೆ ಪ್ರೀತಿಯೇನೂ ಉಕ್ಕಿ ಹರಿಯುತ್ತಿಲ್ಲ. ನಿಮ್ಮನ್ನು ನೆನೆದರೆ ಹೊಟ್ಟೆ ಉರಿಯುತ್ತದೆ, ಅಷ್ಟೆ.

ನಿಮ್ಮ ಕಾಲದ ಪ್ರವಾಸದ ಪುಸ್ತಕವೊಂದು ನಮ್ಮ ದೋಣಿಮನೆಯಲ್ಲಿದೆ. ಟಿಕೆಟ್ ತೆಗೆದು ಫೆರಿ ಹತ್ತುತ್ತಿದ್ದಿರಂತೆ. ಮೇಲಿನ ಅಟ್ಟದಲ್ಲಿ ನಿಂತು ಚಹಾ ಕುಡಿಯುತ್ತ ಒಂದು ದ್ವೀಪದಿಂದ ಇನ್ನೊಂದಕ್ಕೆ, ಒಂದು ದೇಶದಿಂದ ಪಕ್ಕದ ದೇಶಕ್ಕೆ ಹೋಗಿ, ಪುಸ್ತಕದ ಮೇಲೊಂದು ಮುದ್ರೆ ಒತ್ತಿಸಿಕೊಂಡು ಇಳಿದುಬಿಡುತ್ತಿದ್ದಿರಂತೆ. ಯಾಕೆ ಬಂದೆ ಎಂದರೆ ಸುಮ್ಮನೆ ನೋಡೋಣವೆಂದು ಬಂದೆ ಎನ್ನುತ್ತಿದ್ದಿರಂತೆ. ಸುಮ್ಮನೆ! ಎಂಥ ಪುಣ್ಯ ಮಾಡಿದ್ದಿರಿ ಮಾರಾಯರೇ.

ನಮ್ಮಲ್ಲಿ ಹಾಗಿಲ್ಲ. ದೊಡ್ಡ ರೋಗದ ವರ್ಷಗಳ ನಂತರ ಪ್ರತಿ ದ್ವೀಪದಲ್ಲೂ ಒಂದು ಕರೆಗಟ್ಟೆ ಕಟ್ಟಿದರು. ದೋಣಿ ಬಂದಾಗ ದಡದಲ್ಲಿರುವ ನಿಮ್ಮ ನೆಂಟರು ಆ ಕಟ್ಟೆಯ ಮೇಲೆ ನಿಂತು ನಿಮ್ಮ ಹೆಸರನ್ನು ಮೂರು ಸಲ ಕೂಗಬೇಕು. ಕೂಗಿದರೆ ಹಲಗೆ ಇಳಿಸುತ್ತಾರೆ. ಕೂಗುವವರಿಲ್ಲದಿದ್ದರೆ ಬಂದ ದೋಣಿಯಲ್ಲೇ ವಾಪಸು. ಅದೇ ದೋಣಿಯಿಂದ ಇಳಿದವರು ಕೂಗಿದರೆ ನಡೆಯದು. ಇನ್ನು ನಾನು ನೀರಾಳು, ಅಂದರೆ ಚುಕ್ಕಾಣಿ ಹಿಡಿದವಳು. ನೀರಾಳುಗಳನ್ನು ಪರದೇಶದಲ್ಲಿ ಯಾರೂ ಕೂಗುವಂತಿಲ್ಲ. ಹತ್ತೂರಿನ ಗಾಳಿ ಮೈಮೇಲಿರುವವರು ಹತ್ತಿರ ಬರಬಾರದು ಎಂಬ ಭಯ.

ನನ್ನ ಮಗಳು ಸುಗಂಧಿ ಮದುವೆಯಾಗಿ ಹವಳದೇಶಕ್ಕೆ ಹೋಗಿ ಏಳು ವರ್ಷ. ತಿಂಗಳಿಗೊಮ್ಮೆ ನನ್ನ ದೋಣಿ ಅಲ್ಲಿಗೆ ಹೋಗುತ್ತದೆ. ಅವಳ ಅತ್ತೆ ಶರೀಫಾ ದೀದಿ ನನ್ನ ಮೊಮ್ಮಗಳು ನೈಲಾಳನ್ನು ಸೊಂಟದ ಮೇಲೆ ಕೂರಿಸಿಕೊಂಡು ದಡದಲ್ಲಿ ನಿಂತಿರುತ್ತಾಳೆ. ನಡುವೆ ಇಪ್ಪತ್ತು ಮೊಳ ನೀರು. ನಾನು ಕೈಬೀಸಿದರೆ ಮಗು ನಾಚಿ ಅವಳ ಕುತ್ತಿಗೆಯಲ್ಲಿ ಮುಖ ಹುದುಗಿಸುತ್ತದೆ. ಶರೀಫಾ ನಗುತ್ತ ಅದರ ಬೆನ್ನು ತಟ್ಟುತ್ತಾಳೆ. ಒಳ್ಳೆಯ ಹೆಂಗಸು, ಇಲ್ಲವೆನ್ನುವುದಿಲ್ಲ. ಒಣಮೀನಿನ ಪೊಟ್ಟಣ ಎಸೆಯುತ್ತಾಳೆ, ನನ್ನ ಮಂಡಿನೋವಿಗೆ ಎಣ್ಣೆ ಕಳಿಸುತ್ತಾಳೆ. ಅವಳ ಎಣ್ಣೆ ಯಾರಿಗೆ ಬೇಕಿತ್ತು? ನನಗೆ ಬೇಕಾಗಿದ್ದುದು ಅವಳ ಕುತ್ತಿಗೆಗೆ ಜೋತುಬಿದ್ದಿತ್ತು.

ಹೋದ ತಿಂಗಳು ಅವಳು ದಡದಿಂದಲೇ ಕೂಗಿ ಹೇಳಿದಳು, ಮುಂದಿನ ದೋಣಿಗೆ ನಿಮ್ಮೂರಿಗೆ ಬರುತ್ತೇನೆ, ನಿನ್ನ ತಮ್ಮನಿಂದ ನನ್ನ ಹೆಸರು ಕೂಗಿಸು ಎಂದು. ನಮಗೆ ದಡದಲ್ಲಿ ಉಳಿದವನು ತಮ್ಮ ಬೀರಪ್ಪ ಒಬ್ಬನೇ, ಅದೂ ಎರಡು ದ್ವೀಪ ಆಚೆ. ದೋಣಿ ತಲುಪುವುದು ಹುಣ್ಣಿಮೆಯ ಮರುದಿನ. ನಾನು ಅವನಿಗೆ ಹುಣ್ಣಿಮೆಯ ದಿನ ಎಂದು ಹೇಳಿ ಹೊರಟೆ. ಬೇಕೆಂದೇ ಹೇಳಿದೆ. ಒಂದೇ ಒಂದು ಸಲ ಅವಳೂ ದೋಣಿಯಲ್ಲಿ ಕೂತು ದಡ ನೋಡಲಿ, ಇಳಿಯಲಾಗದೆ ತಿರುಗಿ ಹೋಗಲಿ, ಆಗ ಗೊತ್ತಾಗುತ್ತದೆ ಎಂದು.

ಹವಳದೇಶದಲ್ಲಿ ಶರೀಫಾ ಹಲಗೆ ಹತ್ತಿದಳು. ಸೊಂಟದ ಮೇಲೆ ನೈಲಾ ಇದ್ದಳು.

ನಮ್ಮಲ್ಲಿ ಇನ್ನೊಂದು ಕಟ್ಟಳೆಯಿದೆ. ಹೆತ್ತವಳ ತವರೂರಿನ ದಡದಲ್ಲಿ ಮಗುವಿನ ಹೆಸರನ್ನು ಐದು ತುಂಬುವುದರೊಳಗೆ ಕೂಗಬೇಕು. ತಪ್ಪಿದರೆ ಆ ಊರಿಗೆ ಅದು ಸಾಯುವವರೆಗೂ ಹೊರಗಿನದು. ಮಗುವಿಗೆ ಉಬ್ಬಸವಿದೆ, ಕಡಲಗಾಳಿ ಆಗದು ಎಂದು ವರ್ಷದಿಂದ ವರ್ಷಕ್ಕೆ ಮುಂದೂಡಿದ್ದರು. ಐದು ತುಂಬಲು ಇನ್ನು ಒಂಬತ್ತೇ ದಿನ ಉಳಿದಿತ್ತು. ನಡುಗಡಲಿನಿಂದ ಬೀರಪ್ಪನಿಗೆ ಸುದ್ದಿ ಮುಟ್ಟಿಸುವ ದಾರಿಯಿಲ್ಲ. ಇದ್ದ ದಾರಿ ಒಂದೇ, ನನ್ನ ಸುಳ್ಳನ್ನೇ ನಿಜ ಮಾಡಿ ಹುಣ್ಣಿಮೆಯ ದಿನಕ್ಕೇ ತಲುಪುವುದು.

ಇದ್ದಬದ್ದ ಹಾಯಿಯನ್ನೆಲ್ಲ ಏರಿಸಿದೆ. ಆಳುಗಳು ನನಗೆ ಹುಚ್ಚು ಹಿಡಿದಿದೆ ಎಂದುಕೊಂಡರು. ಐದು ದಿನ ಮಗು ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿತ್ತು. ನಾನು ಗಂಜಿ ಕಲಸಿಕೊಟ್ಟರೆ ಬಾಯಿ ಬಿಗಿಹಿಡಿಯಿತು, ಅದೇ ಗಂಜಿಯನ್ನು ಶರೀಫಾ ಕೊಟ್ಟರೆ ಗುಟುಗುಟು ಕುಡಿಯಿತು. ಅಷ್ಟು ಹೆದರಿಕೆಯ ನಡುವೆಯೂ ನನ್ನ ಎದೆ ಹೊತ್ತಿ ಉರಿಯಿತು ಎಂದರೆ ನಂಬುತ್ತೀರಾ? ನನ್ನ ಜಾಯಮಾನವೇ ಅಂಥದು.

ಹುಣ್ಣಿಮೆಯ ದಿನವೇ ತಲುಪಿದೆವು, ಆದರೆ ಮಧ್ಯಾಹ್ನ. ಕರೆಯುವುದು ಬೆಳಗಿನ ಇಳಿತದಲ್ಲಿ ಮಾತ್ರ. ಬೀರಪ್ಪ ಬಂದು, ಬರಿಯ ನೀರಿಗೆ ಶರೀಫಾಳ ಹೆಸರನ್ನು ಮೂರು ಸಲ ಕೂಗಿ, ನನ್ನನ್ನು ಬಾಯಿಗೆ ಬಂದಂತೆ ಬೈದು ಹೋದನೆಂದು ಕಟ್ಟೆಯ ಕಾವಲುಗಾರ ಹೇಳಿದ. ನಾನು ಈ ಊರಿನವಳು, ಹಗ್ಗ ಹಿಡಿದು ಇಳಿದು ಅವನ ಕಾಲು ಹಿಡಿದೆ. ಪಾಪ, ಅವನೂ ಕಣ್ಣೊರೆಸಿಕೊಂಡ, ಹಲಗೆ ಮಾತ್ರ ಇಳಿಸಲಿಲ್ಲ. ಕರೆಯದವರನ್ನು ಹೊತ್ತ ದೋಣಿ ಒಂದು ಉಬ್ಬರಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ, ಹೊರಟಲ್ಲಿಗೆ ಮರಳುವವರೆಗೆ ಬೇರೆ ದಡ ಮುಟ್ಟುವಂತೆಯೂ ಇಲ್ಲ, ಬೀರಪ್ಪನ ದ್ವೀಪವೋ ಒಂದು ದಿನದ ದಾರಿ.

ಶರೀಫಾ ಸೊಸೆಯಿಂದ ಕಲಿತ ಕನ್ನಡದಲ್ಲಿ ಮೆಲ್ಲಗೆ ಹೇಳಿದಳು: "ಮಗೂನ ತರ್ತೇನೆ ಅಂತ ಮೊದ್ಲೇ ಹೇಳ್ಬೇಕಿತ್ತು ನಾನು. ನಿಂಗೆ ಖುಷಿ ಆಗ್ಲಿ ಅಂತ ಮುಚ್ಚಿಟ್ಟೆ. ನಂದೇ ತಪ್ಪು."

ನಾನು ಚುಕ್ಕಾಣಿಯತ್ತ ತಿರುಗಿದೆ. ವಾಪಸು ಹೋಗುವಾಗ ನಡುಗಡಲಲ್ಲಿ ನೈಲಾಳಿಗೆ ಐದು ತುಂಬಿತು. ಅವರ ದಡದಲ್ಲಿ ಸುಗಂಧಿ ಅವರಿಬ್ಬರನ್ನೂ ಕೂಗಿದಳು. ಮಗು ಹಲಗೆಯ ಮೇಲೆ ಓಡಿಹೋಯಿತು, ನನ್ನತ್ತ ತಿರುಗಿಯೂ ನೋಡಲಿಲ್ಲ. ಗಾಳಿ ಕೈಕೊಟ್ಟಿತು ಎಂದು ಶರೀಫಾ ನನ್ನ ಮಗಳಿಗೆ ಸಮಾಧಾನ ಹೇಳುತ್ತಿದ್ದುದು ನನಗೆ ಕೇಳಿಸಿತು. ನನ್ನ ಕಾಲದವರ ಮುಂದೆ ಇದನ್ನು ಬಾಯಿಬಿಡುವ ಧೈರ್ಯವಿಲ್ಲ. ಅದಕ್ಕೇ ನಿಮಗೆ ಬರೆದೆ.

ನೀವು ಯಾವ ದಡಕ್ಕೆ ಬೇಕಾದರೂ ಇಳಿಯುವವರು, ನಿಮ್ಮಲ್ಲಿ ಬೇಡುವುದು ಇಷ್ಟೇ. ನಿಮಗೆ ಸೇರದವರು ಯಾರಾದರೂ ಬರುತ್ತೇನೆ ಎಂದರೆ ಅವರಿಗಾಗಿ ದಡದಲ್ಲಿ ನಿಂತಿರಿ. ಅವರು ಯಾರನ್ನು ಎತ್ತಿಕೊಂಡು ಬರುತ್ತಿದ್ದಾರೋ ನಿಮಗೆ ಗೊತ್ತಿರುವುದಿಲ್ಲ.

ಮಾದೇವಿ ಅಂಬಿಗ