ಅಪ್ಪನ ಎದುರು ನಿಂತು ಹೇಳು

ದೊಡ್ಡಬಳ್ಳಾಪುರ
೧೪ ಜುಲೈ ೨೦೨೪

ಪ್ರೀತಿಯ ಪ್ರಮೋದಾ,

ನಾನೂ ಮಕ್ಕಳೂ ಚೆನ್ನಾಗಿದ್ದೇವೆ. ಅತ್ತೆಯವರ ಸೊಂಟದ ನೋವು ಇಳಿದಿರಬಹುದು ಅಂದುಕೊಂಡಿದ್ದೇನೆ. ನೀನು ಅವರನ್ನು ನೋಡಿಕೊಳ್ಳಲು ಆವತಿಗೆ ಹೋಗಿ ಮೂರು ವಾರವಾದ ಮೇಲೆ ಕಾಗದ ಬರೆಯುತ್ತಿದ್ದೇನೆ, ಬೈಯಬೇಡ. ದಿನಾ ಫೋನ್ ಮಾಡುತ್ತೇವಲ್ಲ, ಇದೇನು ಹೊಸ ಶೋಕಿ ಅಂತ ನಗಲೂಬೇಡ. ಫೋನಿನಲ್ಲಿ ನಾನು ಬರೀ ಹ್ಞೂಂ ಅನ್ನುವುದು ಯಾಕೆ ಅಂತ ನನಗೆ ಈಗ ಗೊತ್ತಾಗಿದೆ. ನಿನಗೆ ಮೊದಲೇ ಗೊತ್ತಿತ್ತು.

ನೀನು ಹೊರಟ ದಿನ ನಾನು ಆಡಿದ ಮಾತು ಇನ್ನೂ ಚುಚ್ಚುತ್ತಿದೆ. "ಇಡೀ ದಿನ ಮನೇಲಿ ಏನ್ ಮಾಡ್ತೀಯ? ವಾಪಸ್ ಬಂದ್ಮೇಲೆ ಗಾರ್ಮೆಂಟ್ಸಿಗೆ ಹೋಗು" ಅಂದೆ. ನೀನು ಬ್ಯಾಗು ಎತ್ತಿಕೊಂಡು ಬಸ್ ಹತ್ತಿದೆ, ತಿರುಗಿ ನೋಡಲಿಲ್ಲ. ಹನ್ನೆರಡು ವರ್ಷದ ಹಿಂದೆ ಸ್ನೇಹ ಹುಟ್ಟಿದಾಗ, ಅದೇ ಗಾರ್ಮೆಂಟ್ಸ್ ಬಿಡು, ನನ್ನೊಬ್ಬನ ದುಡಿಮೆಯಲ್ಲೇ ಸಾಗಿಸೋಣ ಅಂದವನೂ ನಾನೇ. ಎರಡು ಮಗ್ಗ ನೋಡಿಕೊಳ್ಳುತ್ತಿದ್ದವನು ಆದಿನಾರಾಯಣಪ್ಪನವರ ಪವರ್‌ಲೂಮ್ ಶೆಡ್ಡಿನಲ್ಲಿ ನಾಲ್ಕು ಒಪ್ಪಿಕೊಂಡದ್ದು ಆಗಲೇ.

ಈಗ ಮಕ್ಕಳು ಸ್ಕೂಲಿಗೆ ಹೋದ ಹೊತ್ತಷ್ಟೇ ಮಗ್ಗ, ಉಳಿದದ್ದೆಲ್ಲ ಒಲೆಯ ಮುಂದೆ. ಮೊದಲ ವಾರವೇ ಎರಡು ಸಲ ಬೇಳೆ ಸೀದುಹೋಯಿತು. ಕುಕ್ಕರ್ ಕೂಗುತ್ತಿಲ್ಲ ಅಂತ ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋದೆ. ಅವನು ನೀರು ತುಂಬಿಸಿ ನನ್ನ ಮುಂದೆಯೇ ಒಲೆಯ ಮೇಲಿಟ್ಟ. ಆವಿ ಎದ್ದಿತು, ಅಲ್ಲಿದ್ದವರೆಲ್ಲ ನನ್ನ ಮುಖ ನೋಡಿದರು. "ಮೂರ್ ಸಲ ಕೂಗ್ತಲ್ಲ ಗುರು" ಅಂದ. ಅವನ ತುಟಿ ನೋಡಿ ಅಷ್ಟು ತಿಳಿಯಿತು.

ಮನೆಗೆ ಬಂದು ಸ್ನೇಹಳನ್ನು ಕೂರಿಸಿಕೊಂಡು, ನನಗೆ ಕಿವಿ ಕೇಳಿಸುವುದಿಲ್ಲವಾ ಅಂತ ಕೇಳಿದೆ. ಅವಳು ತಲೆ ತಗ್ಗಿಸಿದಳು. ಆಮೇಲೆ ಏನೋ ನೆನಪಾದವಳಂತೆ ಮುಖ ಎತ್ತಿ ಹೇಳಿದಳು: "ಅಪ್ಪನ್ನ ಹಿಂದಿನಿಂದ ಕೂಗ್ಬೇಡ, ಎದುರಿಗೆ ನಿಂತ್ಕೊಂಡು ಹೇಳು ಅಂತ ಅಮ್ಮ ಹೇಳ್ಕೊಟ್ಟಿದ್ದಾಳೆ. ನಿಂಗೆ ಗೊತ್ತಾದ್ರೆ ಬೇಜಾರ್ ಮಾಡ್ಕೋತೀಯ ಅಂತ ಯಾರೂ ಹೇಳಿಲ್ಲ."

ಮಗ್ಗದ ಸದ್ದಿನಲ್ಲಿ ಯಾರ ಮಾತು ಯಾರಿಗೆ ಕೇಳುತ್ತದೆ? ತುಟಿ ನೋಡಿ, ಕೈಸನ್ನೆ ನೋಡಿ ಇಪ್ಪತ್ತು ವರ್ಷ ಮಾತಾಡಿದ್ದೇವೆ. ಅದಕ್ಕೇ ಕಿವಿ ಹೋದದ್ದೇ ನನಗೆ ತಿಳಿಯಲಿಲ್ಲ ನೋಡು. ಈಗ ಒಂದೊಂದೇ ನೆನಪಾಗುತ್ತಿದೆ. ಊಟಕ್ಕೆ ನನ್ನನ್ನು ಅಡುಗೆಮನೆ ಬಾಗಿಲಿಗೆ ಎದುರಾಗಿಯೇ ಕೂರಿಸುತ್ತೀಯ. ಸ್ಕೂಲಿನ ಮೀಟಿಂಗಿನಲ್ಲಿ ಟೀಚರ್ ಹೇಳಿದ್ದನ್ನೆಲ್ಲ ನನ್ನ ಕಡೆ ತಿರುಗಿ ಇನ್ನೊಂದು ಸಲ ಹೇಳುತ್ತೀಯ. ಇವಳಿಗೆ ಎಷ್ಟು ಮಾತಪ್ಪಾ ಅಂತ ನಾನು ರೇಗುತ್ತಿದ್ದೆ. ನನ್ನೊಬ್ಬನ ಸಂಬಳದಲ್ಲಿ ಇಬ್ಬರು ಮಕ್ಕಳಿಗೆ ಹಾಲು, ಪುಸ್ತಕ, ಯೂನಿಫಾರಂ ಒದಗಿಸಿದ್ದೇ ದೊಡ್ಡದು. ಅದರ ನಡುವೆ, ನಾನು ಕಿವುಡ ಅಂತ ನನಗೇ ಗೊತ್ತಾಗದ ಹಾಗೆ ಒಂದು ಮನೆ ನಡೆಸಿದೆಯಲ್ಲ ಪುಣ್ಯಾತ್ಗಿತ್ತಿ, ನಾನು ಬೆರಗಾಗಿ ಕೂತುಬಿಟ್ಟಿದ್ದೇನೆ.

ಡಾಕ್ಟರಿಗೆ ತೋರಿಸಿದೆ. ಹೋದದ್ದು ವಾಪಸ್ ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊ ಅಂದರು. ಆದಿನಾರಾಯಣಪ್ಪನವರು ಎರಡೇ ಮಗ್ಗ ಸಾಕು, ಮಿಕ್ಕ ಹೊತ್ತು ಸೀರೆ ಮಡಿಸುವ ಕಡೆ ಇರು ಅಂದಿದ್ದಾರೆ. ಸಂಬಳ ಇಳಿಯುತ್ತದೆ. ಗಾರ್ಮೆಂಟ್ಸಿಗೆ ಹೋಗುವುದು ಬಿಡುವುದು ನಿನ್ನಿಷ್ಟ. ಮನೇಲಿ ಏನ್ ಮಾಡ್ತೀಯ ಅಂತ ಮಾತ್ರ ಇನ್ನು ಈ ಬಾಯಿ ಕೇಳುವುದಿಲ್ಲ.

ಅತ್ತೆಯವರಿಗೆ ನಮಸ್ಕಾರ ಹೇಳು. ಅವರ ಸೊಂಟಕ್ಕೆ ಬೇಗ ಬಲ ಬರಲಿ, ನಿನ್ನನ್ನು ದೇವರು ತಣ್ಣಗಿಟ್ಟಿರಲಿ.

ನಿನ್ನ
ನಂದಕುಮಾರ್

ತಾ.ಕ.: ನಿನ್ನೆ ಮಧ್ಯಾಹ್ನ ಅನ್ನ ಕಲಸಿ ತಿನ್ನಿಸುವಾಗ ಚಿಕ್ಕವಳು, ಮೇಘನ, ಹಾಡು ಹೇಳು ಅಂತ ಹಟ ಹಿಡಿದಳು. "ಅಮ್ಮ ದಿನಾ ಹಾಡ್ತಾಳಲ್ಲ" ಅಂದಳು. ಮದುವೆಯಾದ ಹೊಸದರಲ್ಲಿ ನೀನು ಅಡುಗೆ ಮಾಡುತ್ತಾ ಹಾಡುತ್ತಿದ್ದೆ. ಸ್ನೇಹ ಹುಟ್ಟಿದ ಮೇಲೆ ಬರಬರುತ್ತಾ ನಿಂತುಹೋಯಿತು ಅಂದುಕೊಂಡಿದ್ದೆ. ಕೆಲಸ ಬಿಡಿಸಿ ಈ ಎರಡು ಕೋಣೆಯಲ್ಲಿ ಕೂರಿಸಿದೆ, ಅದಕ್ಕೇ ಇವಳ ಹಾಡು ಹೋಯಿತು ಅಂತ ಇಷ್ಟು ವರ್ಷ ಒಳಗೊಳಗೇ ಕೊರಗಿದ್ದೇನೆ. ಗಾರ್ಮೆಂಟ್ಸಿಗೆ ಹೋಗು ಅಂದದ್ದೂ ಆ ಹಾಡು ಮತ್ತೆ ಬರಲಿ ಅಂತಲೇ, ಬಾಯಿಗೆ ಬಂದದ್ದು ಬೇರೆ. ನೀನು ನಿಲ್ಲಿಸಿಯೇ ಇರಲಿಲ್ಲವಂತೆ. ಒಲೆಯ ಕಡೆ ತಿರುಗಿ ಹಾಡುತ್ತಿದ್ದೆ, ನನಗೆ ನಿನ್ನ ಬೆನ್ನು ಮಾತ್ರ ಕಾಣುತ್ತಿತ್ತು. ಬಂದಮೇಲೆ ಒಂದು ಸಲ ನನ್ನ ಎದುರು ಕೂತು ಹಾಡು. ನೋಡುತ್ತೇನೆ.