ಪುಸ್ತಕದಲ್ಲಿ ಬರೆಯದ ತುತ್ತುಗಳು

ಮಗೂ,

ನೀನು ಏಳುವಷ್ಟರಲ್ಲಿ ನಾನು ಆಸ್ಪತ್ರೆಯಲ್ಲಿರುತ್ತೇನೆ. ನೀನು ತಿಂದದ್ದನ್ನು ಬರೆದಿಡಲು ಅವರು ಕೊಟ್ಟ ಪುಸ್ತಕ ನನ್ನ ಚೀಲದಲ್ಲಿದೆ, ಹುಡುಕಬೇಡ.

ನಿನ್ನೆ ಡಾಕ್ಟರು, "ಪುಸ್ತಕದಲ್ಲಿ ಊಟ ಕಡಿಮೆ, ತೂಕ ಮಾತ್ರ ನಾಲ್ಕು ಕೆ.ಜಿ. ಏರಿದೆ. ಸುಳ್ಳು ಬರೆಯೋರಿಗೆ ಹೊಟ್ಟೆ ಚಿಕ್ಕದು ಮಾಡೋ ಆಪರೇಷನ್ ಹೇಗಪ್ಪಾ ಮಾಡೋದು?" ಎಂದಾಗ ನೀನು ಒಮ್ಮೆ ನನ್ನ ಕಡೆ ನೋಡಿ ತಲೆ ತಗ್ಗಿಸಿದೆ. ಬರೆಯುತ್ತಿದ್ದವಳು ನಾನು. ಊಟ ಬರೆದೆ. ನಿನ್ನ ಮುಖ ಬಾಡಿದಾಗಲೆಲ್ಲ ನಾನೇ ತಂದುಕೊಟ್ಟ ಬೆಣ್ಣೆ ಬ್ರೆಡ್ಡು, ಸಕ್ಕರೆ ಹಾಲು ಬರೆಯಲಿಲ್ಲ. ಅಮ್ಮ ಕೊಟ್ಟದ್ದು ಊಟವಲ್ಲ ಅಂದುಕೊಂಡೆನೇನೋ. ಕಾಲೇಜು ಓದಿ ಏನು ಬಂತು.

ನೆನಪಾದದ್ದನ್ನೆಲ್ಲ ಕೆಂಪು ಶಾಯಿಯಲ್ಲಿ ಸೇರಿಸಿದ್ದೇನೆ. ಆಪರೇಷನ್ ಪಟ್ಟಿಯಲ್ಲಿ ನಿನ್ನ ಹೆಸರು ಇಡಬೇಕೋ ಬೇಡವೋ ಎಂದು ಹತ್ತು ಗಂಟೆಗೆ ತೀರ್ಮಾನಿಸುತ್ತಾರೆ. ಅಷ್ಟರೊಳಗೆ ಡಾಕ್ಟರ ಕಾಲು ಹಿಡಿದಾದರೂ ತಪ್ಪು ನನ್ನದೆಂದು ಹೇಳುತ್ತೇನೆ. ನಿನ್ನೆ ನೀನು ಒಳಗೆ ಹೋಗುವ ಮೊದಲೇ ನಿನಗೆಂದು ಕೈಯಿಲ್ಲದ ಅಗಲ ಕುರ್ಚಿ ತಂದಿಟ್ಟು, ಏನೂ ಮಾಡದವಳಂತೆ ನಿಂತಿದ್ದಳಲ್ಲ ಆ ನರ್ಸು, ಅವಳು ನನ್ನನ್ನು ಒಳಗೆ ಬಿಡುತ್ತಾಳೆ.

ಉಸಿರಿನ ಮೆಷಿನ್ನಿನ ಇನ್ನೊಂದು ಮಾಸ್ಕು ತೊಳೆದಿಟ್ಟಿದ್ದೇನೆ. ಬೇಯಿಸಿದ ತರಕಾರಿ ಒಲೆಯ ಮೇಲಿದೆ. ಬೆಣ್ಣೆ, ಸಕ್ಕರೆ ಪಕ್ಕದ ಮನೆಗೆ ಕೊಟ್ಟುಬಿಟ್ಟೆ.

ನನ್ನನ್ನು ಹುಡುಕಿಕೊಂಡು ಮೆಟ್ಟಿಲು ಇಳಿಯಬೇಡ. ಮೊನ್ನೆ ಮೂರನೇ ಮೆಟ್ಟಿಲಲ್ಲೇ ನಿನ್ನ ತುಟಿ ನೀಲಿಯಾಗಿತ್ತು. ಈ ಆಪರೇಷನ್ ತಪ್ಪಿದರೆ ನನಗೆ ಬೇರೆ ದಾರಿ ಕಾಣುತ್ತಿಲ್ಲ, ಮಗೂ.

ನನ್ನ ಮಾನ ಉಳಿಸಲು ನೀನು ಬಾಯಿ ಬಿಡಲಿಲ್ಲ. ಇನ್ನು ಹಾಗೆ ಮಾಡಬೇಡ. ಇವತ್ತಿನಿಂದ ಪುಸ್ತಕ ನೀನೇ ಬರೆ. ನಾನು ಏನಾದರೂ ತಂದುಕೊಟ್ಟರೆ, ತಂದವಳು ಅಮ್ಮ ಅಂತ ನನ್ನೆದುರೇ ಬರೆ.

ಅಮ್ಮ