ಅರಳಿಕಟ್ಟೆಗೆ ಬಂದ ಹನ್ನೊಂದು ಕಲ್ಲು

ಕೋರ
೧೪-೧೨-೧೯೮೩

ಸುಬ್ಬಕೃಷ್ಣಣ್ಣನಿಗೆ ಅಲಮೇಲು ಮಾಡುವ ನಮಸ್ಕಾರ. ಕ್ಷೇಮಸಮಾಚಾರ ಈ ಸಲ ಕಡೆಗೆ.

ನೀನು ಸೆಕ್ರೆಟರಿಯಾಗಿರುವ ಹೌಸಿಂಗ್ ಸೊಸೈಟಿಯವರು ಸೋಮವಾರ ಬಂದು, ಕೆರೆಯ ಕೆಳಗಿನ ಗದ್ದೆಯಲ್ಲಿ ಸೈಟಿನ ಕಲ್ಲು ನೆಟ್ಟು ಹೋದರು. ಆ ಗದ್ದೆಯ ಹೊಸ ಅಕ್ಕಿ ರಂಗನಾಥನಿಗೆ ನೈವೇದ್ಯವಾದ ಮೇಲೆಯೇ ಈ ಊರು ಹೊಸ ಅನ್ನ ಉಣ್ಣುವುದು. ನೀನೂ ಉಂಡಿದ್ದೀಯ.

"ದೇವ್ರಿಗೆ ಪೇಟೆ ಅಕ್ಕಿ ತಂದ್ರಾಯ್ತು ಬಿಡಿ" ಎಂದನಂತೆ ನಿಮ್ಮ ಮೇಸ್ತ್ರಿ. ಆ ಗದ್ದೆ ಉಳುವ ಮನೆಯ ಹನುಮಕ್ಕ ಬಂದು, "ದೇವ್ರಿಗೇನೋ ಪ್ಯಾಟೆ ಅಕ್ಕಿ ಆಯ್ತು ಕಣಮ್ಮ, ನಮ್ಗೆ?" ಎಂದು ಕೇಳಿದಳು.

ಗುಡಿಯ ಅರ್ಚಕರಾದ ನಮ್ಮ ಮನೆಯವರು ಅರ್ಜಿ ಬರೆಯುತ್ತ ಕೂತರು. ನಾವು ಹೆಂಗಸರು ಕೂರಲಿಲ್ಲ. ಹನ್ನೊಂದು ಕಲ್ಲನ್ನೂ ಕಿತ್ತು ತಂದು, ಅರಳಿಕಟ್ಟೆಯ ನಾಗರಕಲ್ಲುಗಳ ಪಕ್ಕ ನಿಲ್ಲಿಸಿ, ಹಾಲೆರೆದು ಅರಿಶಿನ ಕುಂಕುಮ ಹಚ್ಚಿದೆವು. ನಮ್ಮ ಮನೆಯವರು ಮೊದಲು ಬೈದರು. ಆಮೇಲೆ ತಾವೇ ಬಂದು ಮಂಗಳಾರತಿ ಎತ್ತಿದರು.

ಅತ್ತಿಗೆಗೆ ಭಾನುವಾರ ಬೆಳಗಿನ ಬಸ್ಸಿನಲ್ಲಿ ಒಂದು ಚೀಲ ಅವರೆಕಾಯಿ ಹಾಕಿಸುತ್ತೇನೆ, ಮರೆಯದೆ ಇಳಿಸಿಕೊ. ನಾವೆಲ್ಲ ಕ್ಷೇಮ.

ಕಲ್ಲು ಬೇಕಿದ್ದರೆ ಆಳುಗಳನ್ನು ಕಳಿಸಬೇಡ, ನೀನೇ ಬಾ. ಸ್ನಾನ ಮಾಡಿ, ಚಪ್ಪಲಿ ಬಿಟ್ಟು ಕಟ್ಟೆ ಹತ್ತಿ, ಊರವರೆಲ್ಲರ ಎದುರಿಗೆ ನಿನ್ನ ಕೈಯಾರೆ ಕಿತ್ತುಕೊಂಡು ಹೋಗು. ನಾನು ಆರತಿ ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿರುತ್ತೇನೆ.

ನಿನ್ನ ತಂಗಿ,
ಅಲಮೇಲು